ಸರ್ಜ್ ಪ್ರೊಟೆಕ್ಟರ್: ದೀಪ ಉರಿದರೆ ರಕ್ಷಣೆ ಉಂಟೇ?

ಕೆಲವು ವರ್ಷಗಳ ಹಿಂದಿನ ಮಾತು. ಏಪ್ರಿಲ್ ತಿಂಗಳ ಕೊನೆಯ ವಾರ, ಭರಣಿ ಮಳೆಯ ಮೊದಲ ಗುಡುಗು ಸಿಡಿಲು ಮುಗಿದ ಮರುದಿನ ಬೆಳಿಗ್ಗೆ ನಮ್ಮ ಕಕ್ಷಿದಾರರಾದ ಸಗಟು ವರ್ತಕರೊಬ್ಬರು ದೂರವಾಣಿ ಮಾಡಿದರು. ಅವರು ಮಳಿಗೆಯ ಲೆಕ್ಕಪತ್ರಗಳನ್ನು ಮನೆಯ ಮುಂಗೋಣೆಯಲ್ಲಿದ್ದ ಕಂಪ್ಯೂಟರಿನಲ್ಲಿ ಬರೆಸುತ್ತಿದ್ದರು. ಅದೇ ಕೋಣೆಯಲ್ಲಿ ಟೆಲಿವಿಷನ್, ಮೋಡೆಮ್ ಮತ್ತು ಪ್ರಿಂಟರ್ ಇದ್ದವು. ಇವೆಲ್ಲವೂ ಒಂದೇ ಸರ್ಜ್ ಪ್ರೊಟೆಕ್ಟರಿಗೆ ಜೋಡಣೆಯಾಗಿದ್ದವು. ರಾತ್ರಿಯ ಸಿಡಿಲಿನ ನಂತರ ಪ್ರಿಂಟರ್ ಒಂದನ್ನು ಬಿಟ್ಟು ಉಳಿದ ಮೂರೂ ನಿಂತುಹೋಗಿದ್ದವು. ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಓದಲು ಬಾರದಾಗಿತ್ತು. ಮಾರ್ಚ್ 31ರ ನಂತರ ಲೆಕ್ಕದ ಪ್ರತಿಯನ್ನು ಬೇರೆಡೆ ತೆಗೆದಿರಿಸಿರಲಿಲ್ಲ.

ಅವರು ಕೇಳಿದ ಮೊದಲ ಪ್ರಶ್ನೆ ಇದು: "ಸಾರ್, ದುಡ್ಡು ಕೊಟ್ಟು ಒಳ್ಳೆಯ ಪ್ರೊಟೆಕ್ಟರ್ ತಂದಿದ್ದೆ. ಈಗಲೂ ಅದರ ಕೆಂಪು ದೀಪ ಉರಿಯುತ್ತಲೇ ಇದೆ. ಮತ್ತೆ ಇವೆಲ್ಲ ಹೇಗೆ ಸುಟ್ಟವು?" ಎರಡನೆಯ ಪ್ರಶ್ನೆ, ವಿಮೆಯ ಹಣ ಬರುವುದೇ ಎಂಬುದು.

ಲೇಖಕನು ವಿದ್ಯುತ್ ತಜ್ಞನಲ್ಲ, ಲೆಕ್ಕ ಪರಿಶೋಧಕ. ಆದರೆ ಈ ಬಗೆಯ ನಷ್ಟಗಳು ವರ್ಷಾಂತ್ಯದಲ್ಲಿ ನಮ್ಮ ಮೇಜಿಗೇ ಬರುತ್ತವೆ. ಮೇಲಿನ ಪ್ರಕರಣದಲ್ಲಿ ಅನುಭವಿ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಯಿಸಿ ಕಾರಣಗಳನ್ನು ಒಂದೊಂದಾಗಿ ಶೋಧಿಸಲಾಯಿತು. ಆ ಶೋಧನೆಯಿಂದ ತಿಳಿದುಬಂದ ವಿಷಯಗಳನ್ನು ವರ್ತಕ ಬಾಂಧವರ ಹಾಗೂ ಸಣ್ಣ ಉದ್ದಿಮೆದಾರರ ಉಪಯೋಗಕ್ಕಾಗಿ ಇಲ್ಲಿ ಕ್ರಮವಾಗಿ ನೀಡಲಾಗಿದೆ.

1. ಸಾಧನದ ಒಳಗೆ ಏನಿದೆ?

ನಮ್ಮ ಮನೆಗಳಿಗೆ ಬರುವ ಒಂದು ಫೇಸಿನ ವಿದ್ಯುತ್ತು 230 ವೋಲ್ಟಿನದು. ಸಿಡಿಲು ಸಮೀಪದಲ್ಲಿ ಬಡಿದಾಗ, ವಿದ್ಯುತ್ ಹೋಗಿ ಬಂದಾಗ ಅಥವಾ ದೊಡ್ಡ ಮೋಟಾರುಗಳನ್ನು ನಿಲ್ಲಿಸಿದಾಗ ತಂತಿಯಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ವೋಲ್ಟಿನ ಏರಿಕೆ ಕಾಣಿಸಿಕೊಳ್ಳುತ್ತದೆ. ಅದರ ಆಯುಷ್ಯ ಒಂದು ಸೆಕೆಂಡಿನ ಲಕ್ಷದ ಕೆಲವು ಭಾಗಗಳಷ್ಟು ಮಾತ್ರ. ಇದನ್ನೇ ಸರ್ಜ್ ಎನ್ನುತ್ತಾರೆ. ಎಂ.ಸಿ.ಬಿ. ಅಥವಾ ಫ್ಯೂಸ್ ಎಚ್ಚೆತ್ತುಕೊಳ್ಳುವಷ್ಟರಲ್ಲಿ ಅದು ತನ್ನ ಕೆಲಸ ಮುಗಿಸಿರುತ್ತದೆ.

ಸರ್ಜ್ ಪ್ರೊಟೆಕ್ಟರಿನ ಒಳಗೆ ವೇರಿಸ್ಟರ್ ಎಂಬ ಬಿಲ್ಲೆಗಳಿರುತ್ತವೆ. ಹೊರನೋಟಕ್ಕೆ ಇವು ಹಳೆಯ ನಾಣ್ಯದಷ್ಟು ಗಾತ್ರದವು. ಸತುವಿನ ಆಕ್ಸೈಡಿನ ಪುಡಿಗೆ ಬಿಸ್ಮತ್, ಕೋಬಾಲ್ಟ್ ಮೊದಲಾದವುಗಳ ಆಕ್ಸೈಡನ್ನು ಅಲ್ಪ ಪ್ರಮಾಣದಲ್ಲಿ ಸೇರಿಸಿ, ಒತ್ತಿ, ಸುಟ್ಟು ಇವನ್ನು ತಯಾರಿಸುತ್ತಾರೆ. ಸಾಮಾನ್ಯ ವೋಲ್ಟೇಜಿನಲ್ಲಿ ಈ ಬಿಲ್ಲೆ ವಿದ್ಯುತ್ತನ್ನು ಬಹುತೇಕ ಹಾಯಗೊಡುವುದಿಲ್ಲ. ವೋಲ್ಟೇಜು ಒಂದು ಮಿತಿಯನ್ನು ಮೀರಿದೊಡನೆ ಅದು ಬಾಗಿಲು ತೆರೆದಂತೆ ವಾಹಕವಾಗಿ, ಹೆಚ್ಚಿನ ವಿದ್ಯುತ್ತನ್ನು ನ್ಯೂಟ್ರಲ್ ಅಥವಾ ಅರ್ತಿಂಗ್ ತಂತಿಯ ಕಡೆಗೆ ತಿರುಗಿಸುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ 275 ವೋಲ್ಟಿನ ವೇರಿಸ್ಟರ್, ಸರ್ಜ್ ಬಂದಾಗ ಏರಿಕೆಯನ್ನು ಸುಮಾರು 700 ವೋಲ್ಟಿನ ಆಸುಪಾಸಿನಲ್ಲಿ ತಡೆಹಿಡಿಯುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಪ್ರತಿಯೊಂದು ಪೆಟ್ಟನ್ನು ತಡೆಯುವಾಗಲೂ ವೇರಿಸ್ಟರ್ ಸ್ವಲ್ಪ ಸವೆಯುತ್ತದೆ. ದೊಡ್ಡ ಪೆಟ್ಟು ಒಂದೇ ಸಲಕ್ಕೆ ಅದನ್ನು ಮುಗಿಸಬಹುದು, ಚಿಕ್ಕ ಪೆಟ್ಟುಗಳು ನಿಧಾನವಾಗಿ ಮುಗಿಸುತ್ತವೆ. ನಮ್ಮ ಲೆಕ್ಕದ ಪುಸ್ತಕದಲ್ಲಿ ಯಂತ್ರದ ಸವಕಳಿಯನ್ನು ವರ್ಷದ ಮೇಲೆ ಹಾಕುತ್ತೇವೆ. ವೇರಿಸ್ಟರಿನ ಸವಕಳಿ ಪೆಟ್ಟಿನ ಮೇಲೆ ಬೀಳುತ್ತದೆ. ಆದುದರಿಂದ ಸರ್ಜ್ ಪ್ರೊಟೆಕ್ಟರನ್ನು ಶಾಶ್ವತ ಆಸ್ತಿಯೆಂದು ಭಾವಿಸದೆ, ಬಳಸಿ ಮುಗಿಯುವ ಸಾಮಗ್ರಿಯೆಂದು ಭಾವಿಸತಕ್ಕದ್ದು.

ಸವೆದ ವೇರಿಸ್ಟರ್ ಬಿಸಿಯಾಗಿ ಬೆಂಕಿ ಹೊತ್ತಿಸಬಾರದೆಂದು ಉತ್ತಮ ಸಾಧನಗಳಲ್ಲಿ ಉಷ್ಣತೆಗೆ ಕಡಿಯುವ ಫ್ಯೂಸನ್ನು ಅಳವಡಿಸಿರುತ್ತಾರೆ. ಅದು ಕಡಿದಾಗ ವೇರಿಸ್ಟರ್ ಮಂಡಲದಿಂದ ಬೇರ್ಪಡುತ್ತದೆ. ಆದರೆ ಬಹಳಷ್ಟು ಮಾದರಿಗಳಲ್ಲಿ ಸಾಕೆಟ್ಟುಗಳಿಗೆ ವಿದ್ಯುತ್ತು ಎಂದಿನಂತೆ ಹರಿಯುತ್ತಲೇ ಇರುತ್ತದೆ. ಅಂದಿನಿಂದ ಅದು ಕೇವಲ ಒಂದು ಎಕ್ಸ್‌ಟೆನ್ಷನ್ ಬಾಕ್ಸ್.

2. ಕೊಳ್ಳುವಾಗ ನೋಡಬೇಕಾದ ಬರಹ

ಸ್ಪೈಕ್ ಗಾರ್ಡ್, ಸ್ಪೈಕ್ ಬಸ್ಟರ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಎಲ್ಲ ಪೆಟ್ಟಿಗೆಗಳಲ್ಲಿಯೂ ವೇರಿಸ್ಟರ್ ಇರುತ್ತದೆಂಬ ಭರವಸೆಯಿಲ್ಲ. ಅಗ್ಗದ ಕೆಲವು ಪೆಟ್ಟಿಗೆಗಳಲ್ಲಿ ಒಂದು ಸ್ವಿಚ್ಚು, ಒಂದು ಗಾಜಿನ ಫ್ಯೂಸ್, ಒಂದು ಕೆಂಪು ದೀಪ ಇಷ್ಟೇ ಇರುತ್ತವೆ. ಗಾಜಿನ ಫ್ಯೂಸ್ ಹೆಚ್ಚಿನ ಹೊರೆಯನ್ನು ತಡೆಯುತ್ತದೆಯೇ ಹೊರತು ಸರ್ಜನ್ನು ತಡೆಯುವುದಿಲ್ಲ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಈ ಕೆಳಗಿನವು ನಮೂದಾಗಿವೆಯೇ ಎಂದು ನೋಡಬೇಕು.

ಅ) ಜೂಲ್ ಸಂಖ್ಯೆ: ಸಾಧನವು ತನ್ನಲ್ಲಿ ಹೀರಿಕೊಳ್ಳಬಲ್ಲ ಶಕ್ತಿಯ ಅಳತೆ. ಇದು ಹೆಚ್ಚಿದ್ದಷ್ಟು ಬಾಳಿಕೆ ಹೆಚ್ಚು.

ಆ) ತಡೆಹಿಡಿಯುವ ವೋಲ್ಟೇಜು: ಸರ್ಜ್ ಬಂದಾಗ ಉಪಕರಣಕ್ಕೆ ತಲಪುವ ವೋಲ್ಟೇಜಿನ ಮಿತಿ. ಇದು ಕಡಿಮೆಯಿದ್ದಷ್ಟು ಉಪಕರಣಕ್ಕೆ ಕ್ಷೇಮ.

ಇ) ರಕ್ಷಣೆಯ ದಾರಿಗಳು: ಫೇಸ್ ಮತ್ತು ನ್ಯೂಟ್ರಲ್, ಫೇಸ್ ಮತ್ತು ಅರ್ತ್, ನ್ಯೂಟ್ರಲ್ ಮತ್ತು ಅರ್ತ್, ಈ ಮೂರರ ನಡುವೆಯೂ ರಕ್ಷಣೆ ಇರಬೇಕು.

ಈ) ಪ್ರತ್ಯೇಕ ಸೂಚಕ ದೀಪ: ವಿದ್ಯುತ್ ಇದೆಯೆಂದು ತೋರಿಸುವ ದೀಪವಲ್ಲದೆ, ರಕ್ಷಣೆ ಜೀವಂತವಾಗಿದೆಯೆಂದು ತೋರಿಸುವ ದೀಪ ಬೇರೆಯಾಗಿರಬೇಕು. ಅರ್ತಿಂಗ್ ಸೂಚಕವೂ ಇದ್ದರೆ ಉತ್ತಮ.

ನಮ್ಮ ಕಕ್ಷಿದಾರರ ಸಾಧನ ಇವೆಲ್ಲವನ್ನೂ ಹೊಂದಿದ್ದ ಒಳ್ಳೆಯ ಸಾಧನವೇ ಆಗಿತ್ತು. ಉರಿಯುತ್ತಿದ್ದ ಕೆಂಪು ದೀಪ ವಿದ್ಯುತ್ತಿನದು. ರಕ್ಷಣೆಯನ್ನು ಸೂಚಿಸುವ ಹಸಿರು ದೀಪ ಆರಿತ್ತು. ಸಾಧನವು ಮೇಜಿನ ಹಿಂದೆ ಗೋಡೆಯ ಸಂದಿಯಲ್ಲಿ ಬಿದ್ದಿದ್ದುದರಿಂದ ಆ ದೀಪ ಎಂದು ಆರಿತೆಂಬುದನ್ನು ಮನೆಯವರಾರೂ ಹೇಳಲಾರದಾದರು. ಕಳೆದ ವರ್ಷದ ಮಳೆಗಾಲದಲ್ಲಿಯೇ ಆರಿದ್ದರೂ ಆಶ್ಚರ್ಯವಿಲ್ಲ.

3. ದೋಷ ಪತ್ತೆಹಚ್ಚುವ ಕ್ರಮ

ಮೊದಲಿಗೆ ಒಂದು ಎಚ್ಚರಿಕೆ. ಕೆಳಗಿನವುಗಳಲ್ಲಿ ಕಣ್ಣಿನಿಂದ ನೋಡಿ, ಪ್ಲಗ್ಗು ತೆಗೆದು ಹಾಕಿ ಮಾಡಬಹುದಾದವನ್ನು ಮನೆಯವರು ಮಾಡಬಹುದು. ಸಾಕೆಟ್ಟು ಬಿಚ್ಚುವ, ಅಳತೆ ಮಾಡುವ ಕೆಲಸವನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಗೇ ಬಿಡತಕ್ಕದ್ದು. ಗುಡುಗುತ್ತಿರುವಾಗ ಇವುಗಳಲ್ಲಿ ಯಾವುದನ್ನೂ ಮಾಡಬಾರದು.

ಮೊದಲನೆಯದು, ಸಾಧನದಲ್ಲಿ ವಿದ್ಯುತ್ತೇ ಇಲ್ಲದಿರುವುದು. ಗೋಡೆಯ ಸಾಕೆಟ್ಟಿಗೆ ಬೇರೊಂದು ಉಪಕರಣವನ್ನು ಹಾಕಿ ಅಲ್ಲಿ ವಿದ್ಯುತ್ತಿದೆಯೇ ಎಂದು ನೋಡಬೇಕು. ಇದ್ದರೆ, ಸಾಧನದ ಬದಿಯಲ್ಲಿರುವ ರೀಸೆಟ್ ಗುಂಡಿ ಹೊರಗೆ ಚಾಚಿದೆಯೇ ಎಂದು ಪರೀಕ್ಷಿಸಬೇಕು. ಅದು ಹೆಚ್ಚಿನ ಹೊರೆಯಿಂದ ಕಡಿದಿರುತ್ತದೆ. 6 ಆಂಪಿಯರಿನ ಪ್ಲಗ್ಗು ಹೊರಬಲ್ಲ ಹೊರೆ 230ನ್ನು 6ರಿಂದ ಗುಣಿಸಿದರೆ ಬರುವ 1380 ವ್ಯಾಟ್ ಮಾತ್ರ. ಕಂಪ್ಯೂಟರ್, ಟೆಲಿವಿಷನ್, ಮೋಡೆಮ್ ಮೂರೂ ಸೇರಿ ಇದರ ಅರ್ಧಕ್ಕಿಂತ ಕೆಳಗೇ ಇರುತ್ತವೆ. ಆದರೆ ಅದೇ ಪೆಟ್ಟಿಗೆಗೆ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆಯನ್ನೋ, ಬಿಸಿಯಾಗುವಾಗ ಹೆಚ್ಚು ವಿದ್ಯುತ್ತನ್ನೆಳೆಯುವ ಲೇಸರ್ ಪ್ರಿಂಟರನ್ನೋ ಸೇರಿಸಿದರೆ ಮಿತಿ ಮೀರುತ್ತದೆ. ಹೊರೆ ಇಳಿಸಿ, ಕೆಲವು ನಿಮಿಷ ತಣಿಯಲು ಬಿಟ್ಟು ಗುಂಡಿಯನ್ನು ಒತ್ತಬೇಕು. ಹೊರೆಯಿಲ್ಲದೆಯೂ ಗುಂಡಿ ನಿಲ್ಲದಿದ್ದರೆ ಸಾಧನ ಕೆಟ್ಟಿದೆ ಎಂದರ್ಥ.

ಎರಡನೆಯದು, ವಿದ್ಯುತ್ತು ಇದ್ದು ರಕ್ಷಣೆಯ ದೀಪ ಆರಿರುವುದು. ವೇರಿಸ್ಟರ್ ಮುಗಿದಿದೆ, ಸಾಧನವನ್ನು ಬದಲಿಸಬೇಕು. ಪೇಟೆಯಲ್ಲಿ ಕೆಲವರು ಹೊಸ ವೇರಿಸ್ಟರನ್ನು ಬೆಸೆದು ಕೊಡುವುದುಂಟು. ಆದರೆ ಉಷ್ಣತೆಗೆ ಕಡಿಯುವ ಫ್ಯೂಸನ್ನು ತಪ್ಪಿಸಿ ನೇರ ತಂತಿ ಹಾಕಿದರೆ ಮುಂದಿನ ಸಲ ಪೆಟ್ಟಿಗೆಯೇ ಹೊತ್ತಿಕೊಳ್ಳಬಹುದು. ಇಲ್ಲಿ ರಿಪೇರಿಯ ಉಳಿತಾಯ ಉಳಿತಾಯವಲ್ಲ.

ದೀಪವಿಲ್ಲದ ಸಾಧನವನ್ನು ಮಲ್ಟಿಮೀಟರಿನಿಂದ ಪರೀಕ್ಷಿಸಬಹುದೇ ಎಂದು ಹಲವರು ಕೇಳುತ್ತಾರೆ. ಪ್ಲಗ್ಗು ತೆಗೆದ ಸಾಧನದಲ್ಲಿ ಆರೋಗ್ಯವಾಗಿರುವ ವೇರಿಸ್ಟರ್ ವಿದ್ಯುತ್ತನ್ನು ಹಾಯಗೊಡುವುದಿಲ್ಲ. ಮಂಡಲದಿಂದ ಕಡಿದುಹೋದ ವೇರಿಸ್ಟರೂ ಹಾಯಗೊಡುವುದಿಲ್ಲ. ಮೀಟರು ಎರಡನ್ನೂ ಒಂದೇ ರೀತಿ ತೋರಿಸುತ್ತದೆ. ಆದ್ದರಿಂದ ಅಂಥ ಸಾಧನದ ಆರೋಗ್ಯವನ್ನು ಮನೆಯಲ್ಲಿ ಸಾಬೀತುಪಡಿಸುವ ಸುಲಭ ಉಪಾಯವಿಲ್ಲ. ಸೂಚಕವಿರುವ ಸಾಧನವನ್ನೇ ಕೊಳ್ಳಬೇಕೆಂದು ಹೇಳಲು ಇದೇ ಕಾರಣ.

ಮೂರನೆಯದು, ಅರ್ತಿಂಗ್ ದೀಪ ಆರಿರುವುದು. ಇದು ಸಾಧನದ ದೋಷಕ್ಕಿಂತ ಹೆಚ್ಚಾಗಿ ಮನೆಯ ವೈರಿಂಗಿನ ದೋಷ. ಸಾಧನವನ್ನು ಬೇರೆ ಕೋಣೆಯ ಸಾಕೆಟ್ಟಿಗೆ ಹಾಕಿ ನೋಡಬೇಕು. ಅಲ್ಲಿ ದೀಪ ಉರಿದರೆ ಮೊದಲಿನ ಸಾಕೆಟ್ಟಿನಲ್ಲಿ ಅರ್ತ್ ತಂತಿ ಸಡಿಲವಾಗಿದೆ ಅಥವಾ ಜೋಡಣೆಯೇ ಆಗಿಲ್ಲ. ಎಲ್ಲಿಯೂ ಉರಿಯದಿದ್ದರೆ ಅರ್ತಿಂಗ್ ಗುಂಡಿಯಿಂದ ಬರುವ ತಂತಿಯನ್ನೇ ಶೋಧಿಸಬೇಕು. ಎಲೆಕ್ಟ್ರಿಷಿಯನ್ ಅಳೆದಾಗ ಫೇಸ್ ಮತ್ತು ಅರ್ತ್ ನಡುವೆ ಸರಿಸುಮಾರು ಫೇಸ್ ಮತ್ತು ನ್ಯೂಟ್ರಲ್ ನಡುವಿನಷ್ಟೇ ವೋಲ್ಟೇಜು ಬರಬೇಕು. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಕೆಲವೇ ವೋಲ್ಟ್ ಇರಬೇಕು. ಆದರೆ ಮೀಟರಿನ ಈ ಅಳತೆ ತಂತಿ ಇದೆಯೆಂದು ತೋರಿಸುತ್ತದೆಯೇ ವಿನಾ ಅರ್ತಿಂಗ್ ಎಷ್ಟು ಸಮರ್ಥವೆಂದು ತೋರಿಸುವುದಿಲ್ಲ. ಅದಕ್ಕೆ ಅರ್ತ್ ಟೆಸ್ಟರಿನಿಂದ ರೋಧವನ್ನು ಅಳೆಯಿಸಬೇಕು.

ಇದರಲ್ಲಿ ನಮ್ಮ ಹವಾಮಾನದ ಒಂದು ತೊಡಕಿದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ನೆಲ ಒಣಗಿ ಅರ್ತಿಂಗ್ ಗುಂಡಿಯ ರೋಧ ಹೆಚ್ಚಿರುತ್ತದೆ. ಗುಡುಗು ಸಿಡಿಲಿನ ಮುಂಗಾರುಪೂರ್ವ ಮಳೆ ಬರುವುದೂ ಆಗಲೇ. ಆದುದರಿಂದ ಯುಗಾದಿಯ ಹೊತ್ತಿಗೆ ಗುಂಡಿಗೆ ನೀರು ಹಾಕಿಸಿ ಪರೀಕ್ಷೆ ಮಾಡಿಸುವುದು ಒಳ್ಳೆಯ ಪದ್ಧತಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿನ ಮೂಲಕ ಹಾಕಿದರೆ ಅರ್ತಿಂಗ್ ಅಲ್ಲಿಗೇ ಕಡಿಯಿತು, ಮೂರು ದಾರಿಗಳ ರಕ್ಷಣೆಯಲ್ಲಿ ಎರಡು ಹೋದವು ಎಂದು ತಿಳಿಯತಕ್ಕದ್ದು.

ನಾಲ್ಕನೆಯದು, ಸಾಧನವನ್ನು ಹಾಕಿದೊಡನೆ ಆರ್.ಸಿ.ಸಿ.ಬಿ. ಬೀಳುವುದು. ಸವೆದ ವೇರಿಸ್ಟರ್ ಅರ್ತ್ ಕಡೆಗೆ ವಿದ್ಯುತ್ತನ್ನು ಸೋರಿಸುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿರುವ ಆರ್.ಸಿ.ಸಿ.ಬಿ. 30 ಮಿಲಿ ಆಂಪಿಯರ್ ಸೋರಿಕೆಯೊಳಗೆ ಕಡಿಯುತ್ತದೆ. ಎಲ್ಲ ಉಪಕರಣಗಳನ್ನು ತೆಗೆದು ಬರಿಯ ಸಾಧನವನ್ನು ಮಾತ್ರ ಹಾಕಿ ನೋಡಬೇಕು. ಆಗಲೂ ಬಿದ್ದರೆ ಸಾಧನವನ್ನು ಬದಲಿಸಬೇಕು. ಬೀಳದಿದ್ದರೆ ಉಪಕರಣಗಳನ್ನು ಒಂದೊಂದಾಗಿ ಸೇರಿಸುತ್ತಾ ದೋಷವಿರುವುದನ್ನು ಗುರುತಿಸಬೇಕು. ಕಿರಿಕಿರಿಯೆಂದು ಆರ್.ಸಿ.ಸಿ.ಬಿ.ಯನ್ನೇ ತೆಗೆಸಿಹಾಕುವುದು ಪ್ರಾಣಾಪಾಯಕ್ಕೆ ದಾರಿ.

ಐದನೆಯದು, ಪೆಟ್ಟಿಗೆ ಬಿಸಿಯಾಗುವುದು, ಬಣ್ಣಗೆಡುವುದು ಅಥವಾ ಸುಟ್ಟ ವಾಸನೆ ಬರುವುದು. ಪ್ಲಗ್ಗನ್ನು ಮುಟ್ಟುವ ಮೊದಲು ಆ ಸಾಲಿನ ಎಂ.ಸಿ.ಬಿ.ಯನ್ನು ಕೆಳಗಿಳಿಸಬೇಕು. ಸಡಿಲವಾದ ಸಾಕೆಟ್ಟೂ ಇದಕ್ಕೆ ಕಾರಣವಾಗಿರಬಹುದು. ಆದ್ದರಿಂದ ಸಾಧನದ ಜೊತೆಗೆ ಸಾಕೆಟ್ಟನ್ನೂ ನೋಡಿಸಬೇಕು. ಒಂದು ಎಕ್ಸ್‌ಟೆನ್ಷನ್ ಪೆಟ್ಟಿಗೆಗೆ ಇನ್ನೊಂದನ್ನು ಸರಪಳಿಯಂತೆ ಪೋಣಿಸುವ ರೂಢಿಯನ್ನು ಬಿಡತಕ್ಕದ್ದು.

ಆರನೆಯದು, ಎಲ್ಲ ದೀಪಗಳೂ ಸರಿಯಾಗಿದ್ದು ಉಪಕರಣ ಮಾತ್ರ ಸುಟ್ಟಿರುವುದು. ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳುಂಟು. ಒಂದು, ಪೆಟ್ಟು ವಿದ್ಯುತ್ ತಂತಿಯಿಂದಲ್ಲದೆ ಬೇರೆ ದಾರಿಯಿಂದ ಬಂದಿರಬಹುದು. ಹೊರಗಿನಿಂದ ಬರುವ ಟಿ.ವಿ. ಕೇಬಲ್, ಡಿಶ್ ತಂತಿ, ದೂರವಾಣಿಯ ತಾಮ್ರದ ತಂತಿ, ಮಹಡಿಯ ಮೇಲಿಂದ ಎಳೆದ ಕ್ಯಾಮೆರಾ ಮತ್ತು ನೆಟ್‌ವರ್ಕ್ ತಂತಿ ಇವೆಲ್ಲವೂ ಸಿಡಿಲಿಗೆ ತೆರೆದ ಬಾಗಿಲುಗಳು. ಇವುಗಳಿಗೆ ಪ್ರತ್ಯೇಕ ರಕ್ಷಕವನ್ನು ಹಾಕಬೇಕು ಅಥವಾ ಮಳೆಗೆ ಮುನ್ನ ಅವನ್ನು ಕಳಚಬೇಕು. ಗಾಜಿನ ಎಳೆಯಿಂದಾದ ಆಪ್ಟಿಕಲ್ ಫೈಬರ್ ವಿದ್ಯುತ್ತನ್ನು ಒಯ್ಯುವುದಿಲ್ಲ, ಆದರೆ ಅದರ ಜೊತೆಗಿರುವ ಉಕ್ಕಿನ ತಂತಿ ಒಯ್ಯಬಹುದು. ನಮ್ಮ ಕಕ್ಷಿದಾರರ ಮೋಡೆಮ್ ದೂರವಾಣಿಯ ತಾಮ್ರದ ತಂತಿಯ ದಾರಿಯಿಂದ ಸುಟ್ಟಿತ್ತೆಂದು ಎಲೆಕ್ಟ್ರಿಷಿಯನ್ ಅಭಿಪ್ರಾಯಪಟ್ಟರು. ಎರಡನೆಯ ಕಾರಣ ನ್ಯೂಟ್ರಲಿನದು. ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

4. ನ್ಯೂಟ್ರಲ್ ಕಡಿದಾಗ

ಮೂರು ಫೇಸಿನ ಸಾಲಿನಲ್ಲಿ ಎರಡು ಫೇಸುಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ಪ್ರತಿಯೊಂದು ಮನೆಗೂ 230 ವೋಲ್ಟ್ ಮಾತ್ರ ಸಿಗುವಂತೆ ಕಾಯುವುದು ನ್ಯೂಟ್ರಲ್ ತಂತಿ. ಬೀದಿಯ ಸಾಲಿನಲ್ಲಾಗಲಿ, ಮೂರು ಫೇಸಿನ ಕಟ್ಟಡದ ಮುಖ್ಯ ಬೋರ್ಡಿನಲ್ಲಾಗಲಿ ಈ ತಂತಿ ಕಡಿದರೆ ಆ ಕಾವಲು ಹೋಗುತ್ತದೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಒಂದು ಫೇಸಿನಲ್ಲಿ 100 ವ್ಯಾಟಿನ ಹೊರೆ, ಇನ್ನೊಂದರಲ್ಲಿ 900 ವ್ಯಾಟಿನ ಹೊರೆ ಇದೆ ಎಂದಿಟ್ಟುಕೊಳ್ಳೋಣ. ಮೊದಲನೆಯದರ ರೋಧ 529 ಓಮ್, ಎರಡನೆಯದು ಸುಮಾರು 59 ಓಮ್. ನ್ಯೂಟ್ರಲ್ ಕಡಿದಾಗ ಇವೆರಡೂ 400 ವೋಲ್ಟಿಗೆ ಸಾಲಾಗಿ ನಿಲ್ಲುತ್ತವೆ. ವೋಲ್ಟೇಜು ರೋಧದ ಪ್ರಮಾಣದಲ್ಲಿ ಹಂಚಿಕೆಯಾಗುವುದರಿಂದ ಚಿಕ್ಕ ಹೊರೆಗೆ 360 ವೋಲ್ಟ್, ದೊಡ್ಡ ಹೊರೆಗೆ ಬರಿಯ 40 ವೋಲ್ಟ್ ಸಿಗುತ್ತದೆ. ಅಂದರೆ ಕಡಿಮೆ ವಿದ್ಯುತ್ ಬಳಸುವ ಟೆಲಿವಿಷನ್, ಮೋಡೆಮ್ ಇರುವ ಮನೆಗೇ ಹೆಚ್ಚಿನ ಪೆಟ್ಟು.

ಇದು ಕ್ಷಣಮಾತ್ರದ ಸರ್ಜ್ ಅಲ್ಲ, ನಿಮಿಷಗಟ್ಟಲೆ ನಿಲ್ಲುವ ಏರಿಕೆ. 275 ವೋಲ್ಟಿನ ವೇರಿಸ್ಟರ್ ಇದನ್ನು ತಡೆಯಹೋಗಿ ತಾನೇ ಬೇಗನೆ ಬಿಸಿಯಾಗಿ ಕಡಿದುಬೀಳುತ್ತದೆ. ಆ ಬಳಿಕ 360 ವೋಲ್ಟ್ ನೇರವಾಗಿ ಉಪಕರಣಕ್ಕೆ ಹೋಗುತ್ತದೆ. ಮಿತಿಮೀರಿದಾಗ ಪೂರ್ತಿ ವಿದ್ಯುತ್ತನ್ನೇ ಕಡಿಯುವ ಓವರ್ ವೋಲ್ಟೇಜ್ ರಕ್ಷಕವನ್ನು ಮುಖ್ಯ ಬೋರ್ಡಿನಲ್ಲಿ ಹಾಕಿಸುವುದೇ ಇದಕ್ಕೆ ಪರಿಹಾರ. ಇವು ಸಾಮಾನ್ಯವಾಗಿ 270 ವೋಲ್ಟಿನ ಆಸುಪಾಸಿನಲ್ಲಿ ಕಡಿದು, ವಿದ್ಯುತ್ತು ಸರಿಹೋದ ಸ್ವಲ್ಪ ಹೊತ್ತಿನ ನಂತರ ಮತ್ತೆ ಜೋಡಿಸುತ್ತವೆ.

ನ್ಯೂಟ್ರಲ್ ಸಡಿಲವಾಗುತ್ತಿರುವುದಕ್ಕೆ ಮುನ್ಸೂಚನೆಗಳಿವೆ. ಒಂದು ಕೋಣೆಯ ದೀಪ ಕಣ್ಣು ಕೋರೈಸುವಂತೆ ಉರಿದು ಇನ್ನೊಂದರದು ಮಂಕಾಗುವುದು, ಫ್ಯಾನು ಇದ್ದಕ್ಕಿದ್ದಂತೆ ವೇಗ ಹೆಚ್ಚಿಸಿಕೊಳ್ಳುವುದು ಇವು ಕಂಡೊಡನೆ ಮುಖ್ಯ ಸ್ವಿಚ್ಚನ್ನು ಆರಿಸಿ ವಿದ್ಯುತ್ ಕಂಪನಿಯ 1912 ಸಹಾಯವಾಣಿಗೆ ತಿಳಿಸಬೇಕು. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಮುಂದೆ ಪ್ರಯೋಜನಕ್ಕೆ ಬರುತ್ತದೆ.

5. ಯು.ಪಿ.ಎಸ್. ಮತ್ತು ಸಿಡಿಲು

ಯು.ಪಿ.ಎಸ್. ಇದ್ದರೆ ಸರ್ಜ್ ಪ್ರೊಟೆಕ್ಟರ್ ಬೇಡವೆಂಬುದು ಸರಿಯಲ್ಲ. ಯು.ಪಿ.ಎಸ್. ಮುಖ್ಯವಾಗಿ ವಿದ್ಯುತ್ ಹೋದಾಗ ಫೈಲುಗಳನ್ನು ಉಳಿಸಿ ಕಂಪ್ಯೂಟರನ್ನು ಮುಚ್ಚಲು ಅವಕಾಶ ಕೊಡುತ್ತದೆ. ಅದರಲ್ಲಿರುವ ಸರ್ಜ್ ರಕ್ಷಣೆಯೂ ಸವೆಯುವಂಥದ್ದೇ. ಯು.ಪಿ.ಎಸ್.ನ ಹೊರದಾರಿಗೆ ಸರ್ಜ್ ಪ್ರೊಟೆಕ್ಟರನ್ನು ಹಾಕಬಾರದೆಂದು ತಯಾರಕರು ಸಾಮಾನ್ಯವಾಗಿ ಸೂಚಿಸುತ್ತಾರೆ. ಲೇಸರ್ ಪ್ರಿಂಟರನ್ನು ಯು.ಪಿ.ಎಸ್.ಗೆ ಜೋಡಿಸದೆ ಬೇರೆ ಸಾಕೆಟ್ಟಿಗೆ ಹಾಕಬೇಕು. ವಾಸ್ತವವಾಗಿ ನಮ್ಮ ಕಕ್ಷಿದಾರರ ಪ್ರಿಂಟರ್ ಉಳಿದದ್ದು ಹೇಗೆಂದರೆ, ಸಂಜೆ ಕೆಲಸ ಮುಗಿಸಿದ ಗುಮಾಸ್ತರು ಅದರ ಪ್ಲಗ್ಗನ್ನು ಕಿತ್ತು ಹೋಗಿದ್ದರು!

ಮನೆಯ ಮೇಲೆ ಅಥವಾ ಪಕ್ಕದ ಕಂಬಕ್ಕೆ ನೇರವಾಗಿ ಬಡಿಯುವ ಸಿಡಿಲಿನಲ್ಲಿ ಹತ್ತಾರು ಸಾವಿರ ಆಂಪಿಯರ್ ಹರಿಯಬಹುದು. ಪ್ಲಗ್ಗಿಗೆ ಹಾಕುವ ಯಾವ ಪೆಟ್ಟಿಗೆಯೂ ಅದನ್ನು ತಾಳಲಾರದು. ಮೋಡ ಕವಿಯುವ ಮುನ್ನವೇ ಪ್ಲಗ್ಗು ಮತ್ತು ಕೇಬಲುಗಳನ್ನು ಕಳಚಿಡುವುದು ಖರ್ಚಿಲ್ಲದ, ಎಲ್ಲಕ್ಕಿಂತ ಖಚಿತವಾದ ರಕ್ಷಣೆ. ಭರಣಿ, ಕೃತ್ತಿಕಾ ಮಳೆಗಳ ಕಾಲಕ್ಕೂ ಚಿತ್ತಾ, ಸ್ವಾತಿ ಮಳೆಗಳ ಕಾಲಕ್ಕೂ ಈ ಅಭ್ಯಾಸ ಇರಬೇಕು.

6. ವಿಮೆಯ ಹಣ ಬರುವುದೇ?

ಇನ್ನು ನಮ್ಮ ಕಕ್ಷಿದಾರರ ಎರಡನೆಯ ಪ್ರಶ್ನೆ. ಅವರಲ್ಲಿ ಬೆಂಕಿ ವಿಮೆ ಇತ್ತು. ಪಾಲಿಸಿಯಲ್ಲಿ ಸಿಡಿಲು ಎಂಬ ಪದವೂ ಇತ್ತು. ಆದರೂ ಪರಿಹಾರ ದೊರೆಯಲಿಲ್ಲ.

2021ರ ಏಪ್ರಿಲ್ 1ರಿಂದ ಮನೆಗಳಿಗೆ ಭಾರತ್ ಗೃಹ ರಕ್ಷಾ, 5 ಕೋಟಿ ರೂಪಾಯಿವರೆಗಿನ ಆಸ್ತಿಯ ಉದ್ದಿಮೆಗಳಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, ಅದಕ್ಕೆ ಮೇಲ್ಪಟ್ಟು 50 ಕೋಟಿವರೆಗೆ ಭಾರತ್ ಲಘು ಉದ್ಯಮ ಸುರಕ್ಷಾ ಎಂಬ ಪಾಲಿಸಿಗಳು ಜಾರಿಗೆ ಬಂದಿವೆ. ಇವುಗಳಲ್ಲಿ ಸಿಡಿಲಿನಿಂದಾದ ಹಾನಿಗೆ ರಕ್ಷಣೆಯಿದೆ. ಆದರೆ ಹೊರತುಪಡಿಸಿದ ವಿಷಯಗಳ ಪಟ್ಟಿಯಲ್ಲಿ ಮುಖ್ಯವಾದ ಒಂದು ಷರತ್ತಿದೆ. ವಿಪರೀತ ವೋಲ್ಟೇಜು, ಶಾರ್ಟ್ ಸರ್ಕ್ಯೂಟ್, ತಾನಾಗಿ ಬಿಸಿಯಾಗುವಿಕೆ, ವಿದ್ಯುತ್ ಸೋರಿಕೆ ಮೊದಲಾದವುಗಳಿಂದ ಒಂದು ವಿದ್ಯುತ್ ಯಂತ್ರಕ್ಕೆ ಆದ ಹಾನಿಗೆ, ಅದರ ಮೂಲ ಕಾರಣ ಸಿಡಿಲೇ ಆಗಿದ್ದರೂ, ಪರಿಹಾರವಿಲ್ಲವೆಂಬುದೇ ಆ ಷರತ್ತು. ಈ ನಿರ್ಬಂಧ ಹಾಗೆ ಕೆಟ್ಟ ಯಂತ್ರಕ್ಕೆ ಮಾತ್ರ ಅನ್ವಯಿಸುತ್ತದೆ. ಅದರಿಂದ ಹೊತ್ತಿದ ಬೆಂಕಿಯಲ್ಲಿ ಸುಟ್ಟ ಇತರ ಸಾಮಾನುಗಳಿಗೆ ಪರಿಹಾರ ಸಿಗುತ್ತದೆ. ಹಳೆಯ ಬೆಂಕಿ ಪಾಲಿಸಿಗಳಲ್ಲಿಯೂ ಇದೇ ಷರತ್ತು ಇತ್ತು.

ಇಂಥ ನಷ್ಟಕ್ಕೆ ಎಲೆಕ್ಟ್ರಾನಿಕ್ ಉಪಕರಣಗಳ ವಿಮೆ ಎಂಬ ಬೇರೆಯೇ ಪಾಲಿಸಿ ಇದೆ. ಉಪಕರಣಗಳಲ್ಲದೆ, ಮಾಹಿತಿ ತುಂಬಿದ ಹೊರಗಿನ ಮಾಧ್ಯಮಗಳಿಗೂ, ಬದಲಿ ವ್ಯವಸ್ಥೆಗೆ ಆಗುವ ಹೆಚ್ಚಿನ ಖರ್ಚಿಗೂ ಅದರಲ್ಲಿ ವಿಭಾಗಗಳುಂಟು. ವಿಮಾ ಮೊತ್ತವನ್ನು ಪುಸ್ತಕದ ಬೆಲೆಗಲ್ಲದೆ ಅದೇ ಬಗೆಯ ಹೊಸ ಉಪಕರಣದ ಇಂದಿನ ಬೆಲೆಗೆ ಗೊತ್ತುಪಡಿಸಬೇಕು. ಇಲ್ಲವಾದರೆ ಪರಿಹಾರವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ನಿರ್ವಹಣಾ ಒಪ್ಪಂದ ಇರಬೇಕೆಂಬ ಷರತ್ತು ಇದೆಯೇ ಎಂಬುದನ್ನೂ ಓದಿಕೊಳ್ಳಬೇಕು.

ನಷ್ಟವಾದೊಡನೆ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಬೇಕು. ಸರ್ವೇಯರ್ ನೋಡುವವರೆಗೆ ಸುಟ್ಟ ಉಪಕರಣವನ್ನು ಗುಜರಿಗೆ ಹಾಕಬಾರದು. ಖರೀದಿಯ ಬಿಲ್ಲು, ಕಾರಣವನ್ನು ನಮೂದಿಸಿದ ಸರ್ವಿಸ್ ಎಂಜಿನಿಯರರ ವರದಿ, ಛಾಯಾಚಿತ್ರ ಮತ್ತು 1912ರ ದೂರಿನ ಸಂಖ್ಯೆಯನ್ನು ಒಂದೆಡೆ ಇರಿಸಬೇಕು.

7. ಲೆಕ್ಕಪುಸ್ತಕದ ಬದಿಯಿಂದ

ವ್ಯಾಪಾರಕ್ಕೆ ಬಳಸುವ ಸರ್ಜ್ ಪ್ರೊಟೆಕ್ಟರಿನ ಬದಲಾವಣೆ ಸಾಮಾನ್ಯವಾಗಿ ಆಯಾ ವರ್ಷದ ಖರ್ಚೇ ಆಗುತ್ತದೆ. ಸುಟ್ಟುಹೋದ ಕಂಪ್ಯೂಟರಿಗೆ ವಿಮೆಯ ಹಣ ಬಂದರೆ ಆದಾಯ ತೆರಿಗೆಯ ಸವಕಳಿ ಲೆಕ್ಕದಲ್ಲಿ ಆ ಆಸ್ತಿಗಳ ಗುಂಪಿನ ಮೌಲ್ಯದಿಂದ ಅದನ್ನು ಕಳೆಯಬೇಕು. ಜಿ.ಎಸ್.ಟಿ.ಯಲ್ಲಿ ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ ಹೂಡುವಳಿ ತೆರಿಗೆ ಜಮೆಗೆ ಕಾಯ್ದೆಯ 17(5)ನೇ ಕಲಮಿನಲ್ಲಿ ನಿರ್ಬಂಧವಿದೆ. ಆದ್ದರಿಂದ ಉಪಕರಣವನ್ನು ಲೆಕ್ಕದಿಂದ ತೆಗೆಯುವ ಮೊದಲು ತಮ್ಮ ಸಲಹೆಗಾರರನ್ನು ವಿಚಾರಿಸುವುದು ಒಳಿತು.

ಆದರೆ ಈ ಪ್ರಕರಣದಲ್ಲಿ ನಿಜವಾದ ನಷ್ಟ ಕಂಪ್ಯೂಟರಿನ ಬೆಲೆಯಲ್ಲ. ಏಪ್ರಿಲ್ 1ರಿಂದ ಬರೆದಿದ್ದ ಸುಮಾರು ನಾಲ್ಕು ವಾರಗಳ ಬಿಲ್ಲುಗಳು ಹೋದವು. ಮೇ 11ರೊಳಗೆ ಜಿ.ಎಸ್.ಟಿ.ಆರ್.-1 ಸಲ್ಲಿಸಬೇಕಾಗಿತ್ತು. ಮುದ್ರಿತ ಬಿಲ್ಲುಗಳ ಕಚೇರಿ ಪ್ರತಿಗಳಿದ್ದುದರಿಂದ, ಇಬ್ಬರು ಗುಮಾಸ್ತರು ರಾತ್ರಿಯವರೆಗೆ ಕುಳಿತು ಎಲ್ಲವನ್ನೂ ಮತ್ತೆ ಬರೆದರು. ಆ ಪ್ರತಿಗಳೂ ಇಲ್ಲದಿದ್ದರೆ ಬಾಕಿ ವಸೂಲಿಗೆ ಆಧಾರವೇ ಇರುತ್ತಿರಲಿಲ್ಲ.

ಕಾನೂನು ಕೂಡ ಇದನ್ನು ಗಮನಿಸಿದೆ. ಕೇಂದ್ರ ಜಿ.ಎಸ್.ಟಿ. ನಿಯಮಗಳು, 2017ರ 57ನೇ ನಿಯಮದ ಪ್ರಕಾರ, ಅಪಘಾತದಿಂದ ಅಥವಾ ನೈಸರ್ಗಿಕ ಕಾರಣಗಳಿಂದ ದಾಖಲೆ ನಾಶವಾದರೂ ಯುಕ್ತ ಕಾಲದೊಳಗೆ ಮರಳಿ ಪಡೆಯಲು ಸಾಧ್ಯವಾಗುವಂತೆ ವಿದ್ಯುನ್ಮಾನ ಲೆಕ್ಕಪತ್ರಗಳ ಪ್ರತಿಯನ್ನು ಕಾಪಾಡಬೇಕು. ಕಾಯ್ದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳವರೆಗೆ ಉಳಿಸಿಕೊಳ್ಳಬೇಕು. ಕಂಪನಿಗಳಾದರೆ, 2022ರ ಆಗಸ್ಟ್ ತಿಂಗಳ ತಿದ್ದುಪಡಿಯ ನಂತರ, ಭಾರತದೊಳಗಿನ ಸರ್ವರಿನಲ್ಲಿ ಪ್ರತಿದಿನವೂ ಪ್ರತಿ ಇರಿಸಬೇಕಾಗುತ್ತದೆ. ಸಿಡಿಲು ಬಡಿಯಿತೆಂಬ ಉತ್ತರ ಈ ಹೊಣೆಯನ್ನು ಇಳಿಸುವುದಿಲ್ಲ.

ಪ್ರತಿ ತೆಗೆಯುವಾಗಲೂ ಒಂದು ಎಚ್ಚರ ಬೇಕು. ಪೆನ್ ಡ್ರೈವನ್ನೋ ಹೊರಗಿನ ಡಿಸ್ಕನ್ನೋ ಅದೇ ಕಂಪ್ಯೂಟರಿಗೆ ಸದಾ ಚುಚ್ಚಿಟ್ಟಿದ್ದರೆ, ಪೆಟ್ಟು ಬಂದ ದಿನ ಮೂಲವೂ ಪ್ರತಿಯೂ ಒಟ್ಟಿಗೆ ಹೋಗುತ್ತವೆ. ಪ್ರತಿ ತೆಗೆದ ಕೂಡಲೇ ಕಳಚಿ ಬೇರೆಡೆ ಇರಿಸಬೇಕು.

8. ವರ್ಷಕ್ಕೆರಡು ಬಾರಿ ಮಾಡಬೇಕಾದ ತನಿಖೆ

ಯುಗಾದಿಯ ಹೊತ್ತಿಗೊಮ್ಮೆ, ಆಯುಧಪೂಜೆಗೆ ಯಂತ್ರಗಳನ್ನು ಒರೆಸಿ ಪೂಜಿಸುವಾಗ ಇನ್ನೊಮ್ಮೆ ಈ ಕೆಳಗಿನವನ್ನು ನೋಡುವುದು ಒಳ್ಳೆಯದು.

(1) ಸರ್ಜ್ ಪ್ರೊಟೆಕ್ಟರ್ ಕಣ್ಣಿಗೆ ಕಾಣುವ ಜಾಗದಲ್ಲಿದೆಯೇ? ರಕ್ಷಣೆಯ ದೀಪ ಉರಿಯುತ್ತಿದೆಯೇ?

(2) ಕೊಂಡ ದಿನಾಂಕವನ್ನು ಅದರ ಮೇಲೆ ಚೀಟಿ ಅಂಟಿಸಿ ಬರೆಯಲಾಗಿದೆಯೇ?

(3) ಅರ್ತಿಂಗ್ ಪರೀಕ್ಷೆಯಾಗಿದೆಯೇ?

(4) ಮುಖ್ಯ ಬೋರ್ಡಿನಲ್ಲಿ ಓವರ್ ವೋಲ್ಟೇಜ್ ರಕ್ಷಕ ಇದೆಯೇ?

(5) ಹೊರಗಿನಿಂದ ಬರುವ ಕೇಬಲುಗಳಿಗೆ ರಕ್ಷಣೆ ಇದೆಯೇ?

(6) ವಿಮಾ ಪಾಲಿಸಿಯ ಹೊರತುಪಡಿಸಿದ ವಿಷಯಗಳ ಪಟ್ಟಿಯನ್ನು ಓದಲಾಗಿದೆಯೇ?

(7) ಲೆಕ್ಕದ ಪ್ರತಿ ಬೇರೆಡೆ ಇದೆಯೇ, ಅದು ತೆರೆದುಕೊಳ್ಳುತ್ತದೆಯೇ?

ನಮ್ಮ ಕಕ್ಷಿದಾರರ ಮನೆಯಲ್ಲಿ ಸಾಕೆಟ್ಟನ್ನು ಬಿಚ್ಚಿದಾಗ ಅರ್ತ್ ತಂತಿ ಜೋಡಣೆಯಾಗದೆ ಹಿಂದೆ ಮಡಿಚಿಕೊಂಡಿತ್ತು. ಅಂದರೆ ಬೇರಿಸ್ಟರ್ ಮುಗಿದಿತ್ತು, ಅರ್ತಿಂಗ್ ಇರಲಿಲ್ಲ, ದೂರವಾಣಿಯ ತಂತಿ ತೆರೆದಿತ್ತು. ಈ ಮೂರರ ನಡುವೆ ಒಂದು ಕೆಂಪು ದೀಪ ಎಲ್ಲವೂ ಸರಿಯಾಗಿದೆಯೆಂಬ ಭಾವನೆ ಹುಟ್ಟಿಸುತ್ತಾ ಉರಿಯುತ್ತಿತ್ತು. ಈಗ ಅವರ ಹೊಸ ಸಾಧನ ಮೇಜಿನ ಮೇಲೆ, ಗೋಡೆಗೆ ತಗಲಿಸಿದ ಹಲಗೆಯಲ್ಲಿದೆ. ಪ್ರತಿದಿನ ಸಂಜೆ ಲೆಕ್ಕದ ಪ್ರತಿ ತೆಗೆದು, ಪ್ಲಗ್ಗುಗಳನ್ನು ಕಳಚಿದ ಮೇಲೆಯೇ ಗುಮಾಸ್ತರು ಮನೆಗೆ ಹೊರಡುತ್ತಾರೆ. ಓದುಗರೂ ಇಂದು ಸಂಜೆ ತಮ್ಮ ಮೇಜಿನ ಹಿಂದೆ ಒಮ್ಮೆ ಬಗ್ಗಿ, ಉರಿಯುತ್ತಿರುವುದು ಯಾವ ದೀಪವೆಂದು ನೋಡಿಕೊಳ್ಳಬೇಕಾಗಿ ವಿನಂತಿ.